ಪೆಟ್ಟಿಗೆಗೆ ಬೀಗ ಸರಿ, ಮನಸ್ಸಿಗೂ ಬೇಕೇ?



ಕುವೈತ್‌ನಲ್ಲಿ ನರ್ಸ್ ಆಗಿ ದುಡಿಯುತ್ತಿರುವ ನಮ್ಮ ಧರ್ಮಕೇಂದ್ರದ ಮಗಳೊಬ್ಬಳು ರಜೆ ಮುಗಿಸಿ ಹೊರಡುವ ಮುನ್ನ ಆಶೀರ್ವಾದ ಪಡೆಯಲು ಬಂದಿದ್ದಳು. ಹೊರಟು ನಿಂತವಳು ಬಾಗಿಲ ಬಳಿ ತಡೆದು ಒಂದು ಪ್ರಶ್ನೆ ಕೇಳಿದಳು: "ಫಾದರ್, ವಿಮಾನದಲ್ಲಿ ಹಾಕುವ ಪೆಟ್ಟಿಗೆಗೆ ಈ ಸಲ ಬೀಗ ಹಾಕಲೋ ಬೇಡವೋ? ಹಾಕಿದರೆ ಅಲ್ಲಿ ಕೆಲಸ ಮಾಡುವವರನ್ನೆಲ್ಲ ಕಳ್ಳರು ಅಂದ ಹಾಗಾಗುತ್ತಲ್ಲ?"

ಇದೇನು ಪ್ರಶ್ನೆ ಎಂದು ನಿಮಗೆ ನಗು ಬರಬಹುದು. ನನಗೆ ನಗು ಬರಲಿಲ್ಲ. ಆ ಪ್ರಶ್ನೆಯ ಹಿಂದಿನ ಸಂಗತಿ ನನಗೆ ಗೊತ್ತಿತ್ತು. ಅದರಲ್ಲಿ ನನ್ನ ತಪ್ಪೂ ಇತ್ತು.

ಐದು ವಾರಗಳ ಹಿಂದೆ ಅವಳು ತಂಗಿಯ ನಿಶ್ಚಿತಾರ್ಥಕ್ಕೆಂದು ಊರಿಗೆ ಬಂದಾಗ ಪೆಟ್ಟಿಗೆಯ ಜಿಪ್ ಅರ್ಧ ತೆರೆದಿತ್ತು. ಬಟ್ಟೆಯ ನಡುವೆ ಸುತ್ತಿಟ್ಟಿದ್ದ ಒಂದು ಜೊತೆ ಚಿನ್ನದ ಓಲೆ ಕಾಣೆಯಾಗಿತ್ತು. ಎಷ್ಟೋ ರಾತ್ರಿ ನಿದ್ದೆಗೆಟ್ಟು ದುಡಿದ ಹಣದಲ್ಲಿ ತಂಗಿಗಾಗಿ ಕೊಂಡ ಓಲೆ. ಭಾನುವಾರ ಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಅವಳ ತಂದೆ ಎಲ್ಲರಿಗೂ ಕೇಳಿಸುವಂತೆ, "ಇನ್ಯಾರು ತೆಗೀತಾರೆ? ಸಾಮಾನು ಹೊರೋರೇ ತೆಗೆದಿರೋದು" ಎಂದರು. ನಮ್ಮದೇ ಧರ್ಮಕೇಂದ್ರದ ಒಬ್ಬ ಹುಡುಗ ವಿಮಾನ ನಿಲ್ದಾಣದಲ್ಲಿ ಗುತ್ತಿಗೆಯ ಮೇಲೆ ಲೋಡರ್ ಆಗಿದ್ದಾನೆ. ಅವನೂ ಅವನ ತಾಯಿಯೂ ಅಲ್ಲೇ ಎರಡು ಮಾರು ದೂರದಲ್ಲಿ ನಿಂತಿದ್ದರು. ಮಾತನ್ನು ಅಲ್ಲಿಗೇ ನಿಲ್ಲಿಸಬೇಕಾಗಿದ್ದ ನಾನು ಅವನ ಕಡೆ ತಿರುಗಿ, "ಏನಪ್ಪಾ, ನಿಮ್ಮಲ್ಲಿ ಇಂಥದ್ದೆಲ್ಲ ನಡೆಯುತ್ತಾ?" ಎಂದು ಕೇಳಿಬಿಟ್ಟೆ. ಸುಮ್ಮನೆ ತಮಾಷೆಗೆ ಕೇಳಿದ್ದೆ. ಅವನು ತಲೆ ತಗ್ಗಿಸಿದ. ಮುಂದಿನ ಭಾನುವಾರ ತಾಯಿ ಮಗ ಇಬ್ಬರೂ ಪೂಜೆಗೆ ಬರಲಿಲ್ಲ.

ನಾನೇ ಅವರ ಮನೆಗೆ ಹೋದೆ. ಆ ತಾಯಿ ಕಾಫಿ ಕೊಟ್ಟು ಒಳಗೆ ಹೋದರು, ಮತ್ತೆ ಹೊರಗೆ ಬರಲಿಲ್ಲ. ಹುಡುಗ ಮಾತ್ರ ಮಾತನಾಡಿದ. "ಫಾದರ್, ಡ್ಯೂಟಿ ಮುಗಿಸಿ ಬರುವಾಗ ನಮ್ಮ ಜೇಬು, ಬೂಟು ಎಲ್ಲ ತಪಾಸಣೆ ಆಗುತ್ತೆ. ಆದರೂ ಜಿಪ್ ತೆರೆದ ಪೆಟ್ಟಿಗೆ ಕೈಗೆ ಬಂದರೆ ನಮಗೇ ಭಯ. ಅದು ಯಾವ ಊರಲ್ಲಿ ತೆರೆದಿತ್ತೋ ಯಾರು ಕೇಳ್ತಾರೆ? ಕೊನೆಗೆ ಮುಟ್ಟಿದವನೇ ಕಳ್ಳ. ಬೀಗ ಇರುವ ಪೆಟ್ಟಿಗೆ ಬಂದರೆ ನೆಮ್ಮದಿಯಿಂದ ಎತ್ತಿ ಹಾಕ್ತೀವಿ."

ಈ ಮಾತನ್ನು ನಾನು ನಿರೀಕ್ಷಿಸಿರಲಿಲ್ಲ. ಬೀಗವೆಂದರೆ ಲೋಡರನ ಮೇಲೆ ಸಂಶಯ ಎಂದು ನಾವು ತಿಳಿದಿದ್ದೇವೆ. ಆದರೆ ಆ ಬೀಗವೇ ತನಗೆ ರಕ್ಷಣೆ ಎಂದು ಲೋಡರ್ ಹೇಳುತ್ತಿದ್ದಾನೆ.

ಹಾಗಾದರೆ ಬೀಗದಿಂದ ಆಗುವುದೇನು? ಮೊದಲಿಗೆ, ಕದಿಯಲೇಬೇಕೆಂದು ಹೊರಟವನನ್ನು ಅದು ತಡೆಯಲಾರದು. ಒಂದು ಬಾಲ್ ಪೆನ್ನಿನ ತುದಿಯನ್ನು ಜಿಪ್ಪಿನ ಹಲ್ಲುಗಳ ನಡುವೆ ಚುಚ್ಚಿದರೆ ಪೆಟ್ಟಿಗೆ ಬಾಯಿ ಬಿಡುತ್ತದೆ. ಎಳೆಯುವ ತುಂಡನ್ನು ಆಚೀಚೆ ಸರಿಸಿದರೆ ಎಷ್ಟೋ ಸಲ ಮತ್ತೆ ಮುಚ್ಚಿಕೊಳ್ಳುತ್ತದೆ. ಬೀಗ ಬೀಗವಾಗಿಯೇ ಇರುತ್ತದೆ! ಆದರೆ ಸಾಗುವ ದಾರಿಯಲ್ಲಿ ಜಿಪ್ ತಾನಾಗಿ ತೆರೆದುಕೊಳ್ಳದಂತೆ ಅದು ನೋಡಿಕೊಳ್ಳುತ್ತದೆ. ಸುಲಭವಾಗಿ ಕೈ ಹಾಕುವ ಆಸೆಯನ್ನು ತಡೆಯುತ್ತದೆ. ತೆಗೆಯುವುದಷ್ಟೇ ಅಲ್ಲ, ನಿಮ್ಮದಲ್ಲದ ವಸ್ತುವನ್ನು ಒಳಗೆ ಸೇರಿಸುವುದೂ ಅಷ್ಟರಮಟ್ಟಿಗೆ ಕಷ್ಟವಾಗುತ್ತದೆ.

ಎರಡನೆಯದಾಗಿ, ಈ ಪೆಟ್ಟಿಗೆ ನಿಮ್ಮದಾದರೂ ಅದರೊಳಗೇನಿದೆ ಎಂದು ತಿಳಿಯುವ ಹಕ್ಕು ಇತರರಿಗೂ ಇದೆ. 1985ರ ಜೂನ್ 23ರಂದು ಏರ್ ಇಂಡಿಯಾದ ಕನಿಷ್ಕ ವಿಮಾನ ಐರ್ಲೆಂಡಿನ ಬಳಿ ಸಮುದ್ರದ ಮೇಲೆ ಸ್ಫೋಟಗೊಂಡು 329 ಜನ ಸತ್ತರು. ಬಾಂಬು ಇದ್ದದ್ದು ವಿಮಾನಕ್ಕೆ ಹಾಕಿದ ಪೆಟ್ಟಿಗೆಯಲ್ಲಿ. ಅದನ್ನು ಕೊಟ್ಟವನು ವಿಮಾನ ಹತ್ತಿರಲೇ ಇಲ್ಲ. 1988ರ ಡಿಸೆಂಬರ್ 21ರಂದು ಸ್ಕಾಟ್‌ಲೆಂಡಿನ ಲಾಕರ್ಬಿ ಊರಿನ ಮೇಲೆ ಇನ್ನೊಂದು ವಿಮಾನ ಇಂಥದೇ ಪೆಟ್ಟಿಗೆಯಿಂದ ಸಿಡಿದು 270 ಜನ ಪ್ರಾಣ ಕಳೆದುಕೊಂಡರು. ಇಷ್ಟೆಲ್ಲ ಆದ ಮೇಲೆ, "ನನ್ನ ಪೆಟ್ಟಿಗೆಯನ್ನು ಯಾರೂ ಮುಟ್ಟಬಾರದು" ಎನ್ನುವುದು ನ್ಯಾಯವಲ್ಲ.

ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗುವ ಹಿರಿಯರು ನಮ್ಮಲ್ಲಿ ಹಲವರಿದ್ದಾರೆ. ಅವರು ಇದನ್ನು ತಿಳಿದಿರಬೇಕು. ಅಲ್ಲಿ 2001ರ ನವೆಂಬರಿನಲ್ಲಿ ಸ್ಥಾಪನೆಯಾದ ಟಿ.ಎಸ್.ಎ. ಎಂಬ ಭದ್ರತಾ ಸಂಸ್ಥೆಯವರು ನೀವಿಲ್ಲದಾಗಲೂ ನಿಮ್ಮ ಪೆಟ್ಟಿಗೆ ತೆರೆದು ನೋಡಬಹುದು. ಹಾಗೆ ನೋಡಿದರೆ ಅಚ್ಚು ಹಾಕಿದ ಒಂದು ಚೀಟಿಯನ್ನು ಒಳಗಿಡುತ್ತಾರೆ. ಬೀಗ ತೆರೆಯಲಾಗದಿದ್ದರೆ ಕತ್ತರಿಸುತ್ತಾರೆ. ಅದಕ್ಕಾಗಿಯೇ ಅವರ ಬಳಿಯಿರುವ ಕೀಲಿಯಿಂದ ತೆರೆಯಬಹುದಾದ ಬೀಗಗಳು 2003ರಿಂದ ಅಂಗಡಿಗೆ ಬಂದಿವೆ. ಆದರೆ 2014ರಲ್ಲಿ ಪತ್ರಿಕೆಯೊಂದರಲ್ಲಿ ಆ ಕೀಲಿಗಳ ಛಾಯಾಚಿತ್ರ ಪ್ರಕಟವಾಗಿ, 2015ರಲ್ಲಿ ಜನ ಅದನ್ನು ನೋಡಿ ನಕಲು ಕೀಲಿಗಳನ್ನೇ ಮಾಡಿದರು. ಮನುಷ್ಯ ಮಾಡಿದ ಬೀಗದ ಭದ್ರತೆ ಇಷ್ಟೇ.

ಈಗ ಆ ಮಗಳ ಪ್ರಶ್ನೆಗೆ ಬರೋಣ. ಬೀಗ ಹಾಕುವುದು ನೆರೆಯವರನ್ನು ಕಳ್ಳರೆಂದು ತೀರ್ಮಾನಿಸಿದಂತೆಯೇ?

ಗುರುಮಠದಲ್ಲಿದ್ದಾಗ ಸಂತ ಥಾಮಸ್ ಅಕ್ವಿನಾಸರ ಬೃಹದ್‌ಗ್ರಂಥದಲ್ಲಿ ತೀರ್ಪಿನ ಬಗೆಗಿನ ಭಾಗವನ್ನು ಪರೀಕ್ಷೆಗಾಗಿ ಓದಿ ಮರೆತಿದ್ದೆ. ಆ ರಾತ್ರಿ ಮತ್ತೆ ತೆರೆದು ನೋಡಿದೆ. ಸಂಶಯವಿರುವಾಗ ನೆರೆಯವನ ಬಗ್ಗೆ ಒಳ್ಳೆಯದನ್ನೇ ಎಣಿಸಬೇಕು ಎಂದು ಅವರು ಬೋಧಿಸುತ್ತಾರೆ. ಆದರೆ ಅಲ್ಲೇ ಒಂದು ಸೂಕ್ಷ್ಮವನ್ನೂ ತೋರಿಸುತ್ತಾರೆ. ಕೇಡಿಗೆ ಮದ್ದು ಹುಡುಕುವಾಗ ಕೆಟ್ಟದ್ದೇ ಆಗಬಹುದೆಂದು ಇಟ್ಟುಕೊಂಡು ಎಚ್ಚರ ವಹಿಸುವುದು ಒಳ್ಳೆಯದು. ವ್ಯಕ್ತಿಯ ಮೇಲೆ ತೀರ್ಪು ಹೇಳುವಾಗ ಮಾತ್ರ, ಸ್ಪಷ್ಟವಾದ ಕಾರಣವಿಲ್ಲದೆ ಕೆಟ್ಟದ್ದನ್ನು ಎಣಿಸುವುದು ಅವನಿಗೆ ಮಾಡುವ ಅನ್ಯಾಯ. ಏಳುನೂರು ವರ್ಷಗಳಿಗೂ ಹಿಂದಿನ ಈ ವಿವೇಕ ನಮ್ಮ ಪೆಟ್ಟಿಗೆಗೆ ಎಷ್ಟು ಚೆನ್ನಾಗಿ ಒಪ್ಪುತ್ತದೆ ನೋಡಿ! ಬೀಗ ಹಾಕುವುದು ಎಚ್ಚರಿಕೆ. ಅಂಗಳದಲ್ಲಿ ನಿಂತು "ಲೋಡರೇ ಕದ್ದ" ಎನ್ನುವುದು ತೀರ್ಪು. ನಾವು ಮೊದಲನೆಯದನ್ನು ಮಾಡಲು ಮರೆತು ಎರಡನೆಯದನ್ನು ಧಾರಾಳವಾಗಿ ಮಾಡಿದ್ದೆವು.

ನಮ್ಮ ದೇವಾಲಯವನ್ನೇ ತೆಗೆದುಕೊಳ್ಳಿ. ಪರಮಪ್ರಸಾದದ ಪೆಟ್ಟಿಗೆಗೆ ಬೀಗವಿರಬೇಕು, ಅದರ ಕೀಲಿಯನ್ನು ಬಹಳ ಜೋಪಾನವಾಗಿ ಇಡಬೇಕು ಎಂದು 1983ರ ಧರ್ಮಸಭೆಯ ಕಾನೂನು ವಿಧಿಸುತ್ತದೆ. ಪ್ರತಿದಿನ ನಾನು ಆ ಕೀಲಿ ತಿರುಗಿಸುತ್ತೇನೆ. ಅದರಿಂದ ನಿಮ್ಮ ಮೇಲೆ ನನಗೆ ಸಂಶಯವೆಂದು ಯಾರಾದರೂ ನೊಂದುಕೊಂಡದ್ದುಂಟೇ? ಇಲ್ಲ. ಒಳಗಿರುವುದು ಅಮೂಲ್ಯವೆಂದು ಮಾತ್ರ ಆ ಬೀಗ ಹೇಳುತ್ತದೆ. ಕಳ್ಳ ಬರುವ ಗಳಿಗೆಯನ್ನು ಮೊದಲೇ ಬಲ್ಲ ಮನೆಯ ಯಜಮಾನ ಎಚ್ಚರವಾಗಿರುತ್ತಿದ್ದನೆಂದು ಪ್ರಭು ಯೇಸುವೂ ಹೇಳಿದರು. ಆ ಎಚ್ಚರವನ್ನು ಅವರು ತಪ್ಪೆನ್ನಲಿಲ್ಲ.

ಇನ್ನೊಂದು ಮಾತು. ಪಾಪಕ್ಕೆ ಆಸ್ಪದ ಕೊಡುವ ಸಂದರ್ಭಗಳಿಂದ ದೂರವಿರಿ ಎಂದು ಮಕ್ಕಳಿಗೆ ಧರ್ಮೋಪದೇಶದಲ್ಲಿ ಕಲಿಸುತ್ತೇವೆ. ಇತರರಿಗೆ ಅಂಥ ಸಂದರ್ಭವನ್ನು ಒದಗಿಸದಿರುವುದೂ ಪ್ರೀತಿಯ ಕೆಲಸವೇ. ತಿಂಗಳ ಕೊನೆಯಲ್ಲಿ ಮನೆಗೆ ಅಕ್ಕಿ ಕೊಳ್ಳಲು ಪರದಾಡುವ ಒಬ್ಬ ಕೂಲಿಯ ಕೈಗೆ, ಚಿನ್ನವಿರುವ ಬೀಗವಿಲ್ಲದ ಪೆಟ್ಟಿಗೆಯನ್ನು ಕೊಡುವವರು ತಮ್ಮ ಆಸ್ತಿಯನ್ನು ಮಾತ್ರವಲ್ಲ, ಅವನ ಆತ್ಮವನ್ನೂ ಪರೀಕ್ಷೆಗೆ ಒಡ್ಡುತ್ತಾರೆ. ಅವನು ಕದಿಯದೆ ಹೋದರೂ ಕದ್ದನೆಂಬ ಅಪವಾದಕ್ಕೆ ಗುರಿಮಾಡುತ್ತಾರೆ.

ಆದ್ದರಿಂದ, ಪ್ರಯಾಣ ಹೊರಡುವ ಪ್ರಿಯರೇ, ಬೀಗ ಹಾಕಿ. ಆದರೆ ಬೀಗವನ್ನೇ ನಂಬಿ ಕೂರಬೇಡಿ. ಚಿನ್ನ, ನಗದು, ಪಾಸ್‌ಪೋರ್ಟು, ಔಷಧಿ ನಿಮ್ಮ ಕೈಚೀಲದಲ್ಲೇ ಇರಲಿ. ಮೊಬೈಲಿನ ಪವರ್ ಬ್ಯಾಂಕನ್ನೂ ಕೈಚೀಲದಲ್ಲೇ ಒಯ್ಯಬೇಕೆಂಬುದು ನಿಯಮ. ಪೆಟ್ಟಿಗೆ ಒಡೆದು ಬಂದರೆ ನಿಲ್ದಾಣ ಬಿಡುವ ಮುನ್ನವೇ ಲಿಖಿತ ದೂರು ಕೊಡಿ. 1999ರ ಮಾಂಟ್ರಿಯಲ್ ಅಂತರರಾಷ್ಟ್ರೀಯ ಒಪ್ಪಂದದಂತೆ ಹಾನಿಯ ದೂರಿಗೆ 7 ದಿನಗಳ ಗಡುವಿದೆ. ಆ ದೂರಿನಲ್ಲಿ ಹೋದದ್ದನ್ನಷ್ಟೇ ಬರೆಯಿರಿ. ಹೇಗೂ ಕಂಪನಿಯ ದುಡ್ಡು ಎಂದು ಇಲ್ಲದ ಸೀರೆಯನ್ನು ಪಟ್ಟಿಗೆ ಸೇರಿಸಿದರೆ ಅದೂ ಕಳ್ಳತನವೇ.

ಆ ಓಲೆ ಇಂದಿಗೂ ಸಿಕ್ಕಿಲ್ಲ. ಬೀಗ ಸಿಕ್ಕಿತು, ಆ ಮಗಳ ಕೈಚೀಲದಲ್ಲೇ! ಕುವೈತ್‌ನ ನಿಲ್ದಾಣದಲ್ಲಿ ತೂಕ ಹೆಚ್ಚಾಯಿತೆಂದು ಪೆಟ್ಟಿಗೆ ಬಿಚ್ಚಿ ಸಾಮಾನು ತೆಗೆದವಳು ಅವಸರದಲ್ಲಿ ಮತ್ತೆ ಬೀಗ ಹಾಕಿರಲಿಲ್ಲ. ದಾರಿಯಲ್ಲಿ ಇನ್ನೊಂದು ನಿಲ್ದಾಣದಲ್ಲಿ ಪೆಟ್ಟಿಗೆ ವಿಮಾನ ಬದಲಿಸಿತ್ತು. ಎಲ್ಲಿ, ಯಾರ ಕೈಯಲ್ಲಿ ಓಲೆ ಹೋಯಿತೋ ದೇವರೇ ಬಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದೇ ನಮ್ಮ ಕರ್ತವ್ಯವಾಗಿತ್ತು. ಸಾಕಷ್ಟು ಆಧಾರವಿಲ್ಲದೆ ನೆರೆಯವನ ತಪ್ಪನ್ನು ಮನಸ್ಸಿನಲ್ಲೇ ನಿಜವೆಂದುಕೊಳ್ಳುವುದನ್ನೂ 1992ರ ಧರ್ಮೋಪದೇಶ ಗ್ರಂಥ ಎಂಟನೆಯ ಕಟ್ಟಳೆಯ ಕೆಳಗೆ ಪಾಪವೆಂದು ಎಣಿಸುತ್ತದೆ.

ಎಲ್ಲರೆದುರು ಕೇಳಿದ ಪ್ರಶ್ನೆಗೆ ಎಲ್ಲರೆದುರೇ ಕ್ಷಮೆ ಕೇಳಬೇಕಲ್ಲವೇ? ನಂತರದ ಭಾನುವಾರ ಪೂಜೆಯ ಕೊನೆಯಲ್ಲಿ ಕೇಳಿದೆ. ಆ ಹುಡುಗನ ತಾಯಿ ಈಗ ಮತ್ತೆ ಪೂಜೆಗೆ ಬರುತ್ತಿದ್ದಾರೆ. ಮಗನನ್ನು ವಿಚಾರಿಸಿದರೆ, "ಡ್ಯೂಟಿ ಇದೆ ಫಾದರ್" ಎನ್ನುತ್ತಾರೆ. ಕಳೆದ ಸಾಮಾನಿಗೆ ಪರಿಹಾರ ಎಷ್ಟೆಂದು ಲೆಕ್ಕ ಹಾಕಲು ಅಂತರರಾಷ್ಟ್ರೀಯ ಒಪ್ಪಂದವಿದೆ. ಕಳೆದ ಮಾನಕ್ಕೆ ಅಂಥ ಲೆಕ್ಕ ಎಲ್ಲಿದೆ?

ಬಾಗಿಲಲ್ಲಿ ನಿಂತಿದ್ದ ಮಗಳಿಗೆ ನಾನು ಹೇಳಿದ್ದು ಇಷ್ಟೇ: "ಬೀಗ ಹಾಕಮ್ಮಾ. ನಿನಗಾಗಿಯೂ ಹಾಕು, ಅದನ್ನು ಎತ್ತುವವನಿಗಾಗಿಯೂ ಹಾಕು. ಹಾಕುವಾಗ ಅವನಿಗೊಂದು ಪ್ರಾರ್ಥನೆ ಹೇಳು." ಅವಳು ತಲೆಯಾಡಿಸಿ ಹೊರಟಳು. ಹೋಗುವ ದಾರಿಯಲ್ಲಿ ಆ ಹುಡುಗನ ಮನೆಗೆ ಹೋಗಿ ಬಂದಳೆಂದು ಆಮೇಲೆ ತಿಳಿಯಿತು.