ದೀರ್ಘರೋಗಿಯ ಸೇವೆ: ಔದಾರ್ಯವೋ, ಋಣವೋ?

ಜ್ವರದಿಂದ ಮಲಗಿದವನನ್ನು ಒಂದು ವಾರ ಉಪಚರಿಸುವುದು ಕಷ್ಟವಲ್ಲ. ನೆರೆಯವರು ಬಂದು ವಿಚಾರಿಸುತ್ತಾರೆ. ಬಂಧುಗಳು ಹಣ್ಣು ತರುತ್ತಾರೆ. ಮನೆಯವರು ಸರದಿಯಂತೆ ಎಚ್ಚರವಿರುತ್ತಾರೆ. ಆದರೆ ರೋಗವು ವಾರವನ್ನು ಮೀರಿ ವರ್ಷಗಳಿಗೆ ಹಬ್ಬಿದಾಗಲೇ ಮನುಷ್ಯನ ಕರುಣೆಗೆ ನಿಜವಾದ ಪರೀಕ್ಷೆ ಮೊದಲಾಗುತ್ತದೆ. ವಿಚಾರಿಸುವವರು ವಿರಳರಾಗುತ್ತಾರೆ. ಮಾತಿನಲ್ಲಿ ಬೇಸರವು ಇಣುಕುತ್ತದೆ. ರೋಗಿಯು ತನ್ನ ಮನೆಯಲ್ಲಿಯೇ ತಾನೊಂದು ಹೊರೆಯೆಂದು ಬಗೆಯತೊಡಗುತ್ತಾನೆ. ಇಂಥವನಿಗೆ ಮಾಡುವ ಸೇವೆಯು ಆರೋಗ್ಯವಂತನ ಔದಾರ್ಯವೋ, ಅಥವಾ ಅವನು ಸಲ್ಲಿಸಲೇಬೇಕಾದ ಋಣವೋ? ಗೃಹಸ್ಥನಾದವನಿಗೆ ಒಂದಲ್ಲ ಒಂದು ದಿನ ಎದುರಾಗುವ ಪ್ರಶ್ನೆಯಿದು.

ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಚರಕಸಂಹಿತೆಯು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ ಮತ್ತು ರೋಗಿ. ಬಳಿಯಲ್ಲಿದ್ದು ನೋಡಿಕೊಳ್ಳುವವನನ್ನು ಅದು ಚಿಕಿತ್ಸೆಯ ಹೊರಗೆ ನಿಲ್ಲಿಸಲಿಲ್ಲ. ಅದರ ಒಂದು ಅಂಗವನ್ನಾಗಿಯೇ ಎಣಿಸಿತು.

ಆಧುನಿಕ ವೈದ್ಯವೂ ಇದೇ ಮಾತನ್ನು ಬೇರೆ ದಾರಿಯಿಂದ ಕಂಡುಕೊಂಡಿತು. ಕ್ಷಯರೋಗಿಯನ್ನು ಮನೆಯಿಂದ ದೂರವಿರಿಸಿ ಸ್ಯಾನಟೋರಿಯಂನಲ್ಲಿ ಇಡಬೇಕೆಂಬುದು ಹಿಂದಿನ ನಂಬಿಕೆಯಾಗಿತ್ತು. 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರವು ಬಡವರಾದ 193 ಮಂದಿ ರೋಗಿಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಿ, ಒಂದಕ್ಕೆ ಮನೆಯಲ್ಲಿಯೂ ಮತ್ತೊಂದಕ್ಕೆ ಸ್ಯಾನಟೋರಿಯಂನಲ್ಲಿಯೂ ಒಂದು ವರ್ಷದ ಕಾಲ ಒಂದೇ ಔಷಧಗಳನ್ನು ಕೊಟ್ಟಿತು. ಮನೆಯಲ್ಲಿದ್ದವರ ಆಹಾರವು ಕೀಳಾಗಿತ್ತು, ವಸತಿಯು ಇಕ್ಕಟ್ಟಾಗಿತ್ತು; ಹಾಗಿದ್ದರೂ ಅವರು ಗುಣ ಹೊಂದಿದ ಪ್ರಮಾಣವು ಸ್ಯಾನಟೋರಿಯಂನವರದಕ್ಕೆ ಸರಿಸಮೀಪವಾಗಿತ್ತು. ಅವರೊಡನೆ ವಾಸಿಸಿದ ಮನೆಮಂದಿಗೆ ಆ ಕಾರಣದಿಂದ ಹೆಚ್ಚಿನ ಅಪಾಯವೂ ಒದಗಲಿಲ್ಲ. 1959ರಲ್ಲಿ ಪ್ರಕಟವಾದ ಈ ಫಲಿತಾಂಶವು ಲೋಕದ ಕ್ಷಯಚಿಕಿತ್ಸೆಯ ಕ್ರಮವನ್ನೇ ಮಾರ್ಪಡಿಸಿತು. ಕ್ರಮವಾಗಿ ಔಷಧ ಸೇವಿಸುವ ರೋಗಿಯನ್ನು ದೂರವಿಡುವುದಕ್ಕೆ ಭಯವು ಕಾರಣವಾಗಿತ್ತೇ ಹೊರತು ಅವಶ್ಯಕತೆಯಲ್ಲ ಎಂಬುದು ಇದರಿಂದ ಸ್ಪಷ್ಟವಾಯಿತು.

ಕ್ಷಯವಾದರೋ ಗುಣವಾಗುವ ರೋಗ. ಮೂತ್ರಪಿಂಡಗಳು ಸಂಪೂರ್ಣವಾಗಿ ಸೋತವನ ಪಾಡೇನು? ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಪ್ರತಿಸಲವೂ ಸುಮಾರು ನಾಲ್ಕು ಗಂಟೆಗಳ ಕಾಲ ಅವನು ಡಯಾಲಿಸಿಸ್ ಯಂತ್ರಕ್ಕೆ ತನ್ನ ರಕ್ತವನ್ನು ಒಪ್ಪಿಸಿ ಮಲಗಬೇಕು. ಬದಲಿ ಮೂತ್ರಪಿಂಡವು ದೊರೆಯದಿದ್ದರೆ ಇದು ಆಜೀವ ವ್ರತ. ಕುಡಿಯುವ ನೀರಿಗೂ ಅಳತೆ, ಉಪ್ಪಿಗೂ ಅಳತೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತವಾಗಿ ಡಯಾಲಿಸಿಸ್ ಒದಗಿಸುವ ರಾಷ್ಟ್ರೀಯ ಕಾರ್ಯಕ್ರಮವು 2016ರಲ್ಲಿ ಆರಂಭವಾಯಿತೆಂಬುದು ಸಮಾಧಾನದ ಸಂಗತಿ. ಆದರೆ ಹಳ್ಳಿಯಿಂದ ಪಟ್ಟಣಕ್ಕೆ ಹೋಗಿ ಬರುವ ಬಸ್ಸಿನ ಖರ್ಚನ್ನೂ, ಜೊತೆಗೆ ಹೋಗುವವನು ಕಳೆದುಕೊಳ್ಳುವ ಮೂರು ದಿನಗಳ ಕೂಲಿಯನ್ನೂ ಭರಿಸುವವರಾರು? ಯಂತ್ರವು ರಕ್ತವನ್ನು ಶುದ್ಧಿಗೊಳಿಸಬಲ್ಲುದು. ಬಸ್ ನಿಲ್ದಾಣದಲ್ಲಿ ಆತನ ಕೈ ಹಿಡಿಯಲಾರದು.

ಇಲ್ಲಿ ಒಂದು ಗಂಭೀರವಾದ ಶಂಕೆ ಏಳುತ್ತದೆ. ಕಾಯಕಕ್ಕೆ ಪರಮಸ್ಥಾನವನ್ನಿತ್ತ ಶರಣಧರ್ಮದಲ್ಲಿ, ದುಡಿಯಲಾರದವನ ಸ್ಥಾನವೇನು? ದುಡಿಮೆಯ ಫಲದಿಂದಲೇ ಮನುಷ್ಯನನ್ನು ಅಳೆಯುವುದಾದರೆ ರೋಗಿಯ ಬೆಲೆ ಶೂನ್ಯವಾದೀತು. ಆದರೆ ಕಾಯಕದ ಹಿರಿಮೆಯು ಅದರ ಗಳಿಕೆಯಲ್ಲಿಲ್ಲ, ಮಾಡುವವನ ನಿಷ್ಠೆಯಲ್ಲಿದೆ. ಬಾಯಾರಿದಾಗಲೂ ನೀರನ್ನು ಅಳೆದು ಕುಡಿಯುವವನ, ಬೇಸರವಾದಾಗಲೂ ಔಷಧವನ್ನು ಹೊತ್ತಿಗೆ ಸರಿಯಾಗಿ ಸೇವಿಸುವವನ ನಿಷ್ಠೆಯು ಯಾವ ಕಾಯಕಕ್ಕೆ ಕಡಮೆ? ಶಕ್ತಿಯಿದ್ದ ದಿನ ಅವನಿಗೆ ಒಪ್ಪುವ ಕೆಲಸವನ್ನು ಅವನಿಂದ ಕಸಿದುಕೊಳ್ಳಬಾರದು. ಮಕ್ಕಳಿಗೆ ಪಾಠ ಹೇಳುವುದಾಗಲಿ, ಮನೆಯ ಲೆಕ್ಕ ಬರೆಯುವುದಾಗಲಿ ಅವನ ಪಾಲಿಗೆ ಉಳಿಯಲಿ. ಅತಿಯಾದ ಕನಿಕರವೂ ಮನುಷ್ಯನನ್ನು ನಿಷ್ಪ್ರಯೋಜಕನನ್ನಾಗಿಸುತ್ತದೆ.

ಹಾಗಾದರೆ ಮೊದಲಿನ ಪ್ರಶ್ನೆಗೆ ಉತ್ತರವೂ ದೊರೆತಂತಾಯಿತು. ಇಂದು ಗಟ್ಟಿಮುಟ್ಟಾಗಿರುವವನೂ ತೊಟ್ಟಿಲಲ್ಲಿದ್ದಾಗ ಏನನ್ನೂ ಗಳಿಸದೆ ಎಲ್ಲವನ್ನೂ ಪಡೆದವನೇ. ಆ ಋಣವನ್ನು ಕೊಟ್ಟವರಿಗೇ ಹಿಂದಿರುಗಿಸಲು ಎಲ್ಲರಿಗೂ ಸಾಧ್ಯವಾಗದು, ಬೇಕಾದವರಿಗೆ ಸಲ್ಲಿಸಬಹುದು. ‘ನಾನು ಮಾಡುತ್ತಿದ್ದೇನೆ’ ಎಂಬ ಲೆಕ್ಕವನ್ನಿಟ್ಟು ಮಾಡಿದ್ದು ಉಪಕಾರವಾದೀತೇ ಹೊರತು ದಾಸೋಹವಾಗದು.

ಆದರೂ ಸಾಲಕ್ಕೊಂದು ಮಿತಿಯಿಲ್ಲವೆ? ಗೃಹಸ್ಥನ ಕೈ ಚಿಕ್ಕದು. ಮಕ್ಕಳ ವಿದ್ಯೆ, ವೃದ್ಧರ ಪಾಲನೆ, ಹೊಲದ ಸಾಲ ಎಲ್ಲವೂ ಅದರಲ್ಲಿಯೇ ನಡೆಯಬೇಕು. ಈ ಆಕ್ಷೇಪಣೆ ನ್ಯಾಯವಾದುದು. ಆದರೆ ಹೊರೆಯು ಸಹಿಸಲಾಗದಷ್ಟು ಭಾರವಾಗುವುದು ಬಹುಮಟ್ಟಿಗೆ ಅದನ್ನು ಒಬ್ಬರ ಹೆಗಲ ಮೇಲೆಯೇ ಹೊರಿಸುವುದರಿಂದ. ಅನೇಕ ಮನೆಗಳಲ್ಲಿ ಆ ಹೆಗಲು ಹೆಂಡತಿಯದು ಅಥವಾ ಸೊಸೆಯದು. ಅವಳ ನಿದ್ರೆಯನ್ನು ಯಾರೂ ಎಣಿಸುವುದಿಲ್ಲ. ಅವಳು ದಣಿದು ಒಂದು ಕಟುವಾದ ಮಾತನ್ನಾಡಿದರೆ ಮಾತ್ರ ಎಲ್ಲರೂ ಎಣಿಸುತ್ತಾರೆ. ಮಗನೂ ಅಳಿಯನೂ ಆಸ್ಪತ್ರೆಯ ದಿನಗಳನ್ನು ಹಂಚಿಕೊಳ್ಳಲಿ. ನೆರೆಯವನು ವಾರಕ್ಕೊಂದು ದಿನ ಜೊತೆಗೆ ಹೋಗಲಿ. ಕಾಣಬಂದವರು ‘ಯಾವ ಜನ್ಮದ ಕರ್ಮವೋ’ ಎಂದು ನಿಟ್ಟುಸಿರಿಡುವುದನ್ನೂ, ಕೇಳದ ಮದ್ದನ್ನು ಹೇಳುವುದನ್ನೂ ಬಿಟ್ಟು, ಒಂದು ಹೊತ್ತಿನ ಅಡುಗೆಯನ್ನು ವಹಿಸಿಕೊಳ್ಳಲಿ. ಖರ್ಚುವೆಚ್ಚದ ನಿರ್ಧಾರಗಳು ರೋಗಿಯ ಬೆನ್ನ ಹಿಂದೆ ನಡೆಯದೆ ಅವನನ್ನು ಕೂಡಿಸಿಕೊಂಡೇ ನಡೆಯಲಿ. ಏಕೆಂದರೆ ಮಿತಿಯನ್ನು ತಿಳಿದುಕೊಳ್ಳುವ ವಿವೇಕ ಅವನಿಗೂ ಉಂಟು.

ಗುಣವಾಗದ ರೋಗಗಳು ಲೋಕದಲ್ಲಿ ಇನ್ನೂ ಎಷ್ಟೋ ಇವೆ. ಆದರೆ ಹೊರೆಯಾದೆನೆಂಬ ವ್ಯಥೆಯು ಅಂಥ ರೋಗಗಳಲ್ಲೊಂದಲ್ಲ; ಅದರ ಔಷಧವು ಪ್ರತಿಯೊಂದು ಮನೆಯಲ್ಲಿಯೂ ಇದೆ. ಅದನ್ನು ನೀಡದೆ ಉಳಿದವನು ಎಷ್ಟು ಆರೋಗ್ಯವಂತನಾದರೂ ಸ್ವಸ್ಥನೆನಿಸಲಾರನು.