ಸ್ಥೂಲಕಾಯ: ಪಥ್ಯವೋ, ಶಸ್ತ್ರಚಿಕಿತ್ಸೆಯೋ?

ಮಿತವಾಗಿ ಉಣ್ಣಬೇಕೆಂಬುದು ನಮ್ಮ ಹಿರಿಯರು ಮಕ್ಕಳಿಗೆ ಕಲಿಸುವ ಮೊದಲ ಪಾಠಗಳಲ್ಲೊಂದು. ಈ ಪಾಠದ ನೆರಳಿನಲ್ಲಿಯೇ ಇನ್ನೊಂದು ಭಾವನೆಯೂ ನಮ್ಮಲ್ಲಿ ಬೇರುಬಿಟ್ಟಿದೆ. ದಪ್ಪನೆಯ ಶರೀರದವರನ್ನು ಕಂಡೊಡನೆ, ಇವರು ನಾಲಗೆಯನ್ನು ಗೆಲ್ಲಲಾರದವರು ಎಂದು ಮನಸ್ಸು ತೀರ್ಪು ಕೊಟ್ಟುಬಿಡುತ್ತದೆ. ಅಂಥವರು ತೂಕ ಇಳಿಸಲು ಜಠರದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೆಂದರಂತೂ, ನಿಗ್ರಹದಿಂದ ಪಡೆಯಬೇಕಾದುದನ್ನು ಹಣ ತೆತ್ತು ಪಡೆದರೆಂಬ ಮಾತು ಬೇರೆ. ಈ ತೀರ್ಪು ಎಷ್ಟರಮಟ್ಟಿಗೆ ನ್ಯಾಯವಾದುದೆಂಬುದನ್ನು ಸದ್ಭಕ್ತರು ನಮ್ಮೊಡನೆ ಕೊಂಚ ವಿಚಾರಮಾಡಬೇಕು.

ಮಠದ ಹಳೆಯ ವಿದ್ಯಾರ್ಥಿಯೊಬ್ಬರು ಪ್ರೌಢಶಾಲೆಯಲ್ಲಿ ಉಪಾಧ್ಯಾಯರಾಗಿದ್ದಾರೆ. ಎತ್ತರ ಐದೂವರೆ ಅಡಿ, ತೂಕ 121 ಕಿಲೋ. ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ. ರಾತ್ರಿ ನಿದ್ದೆಯಲ್ಲಿ ಉಸಿರು ಕಟ್ಟುತ್ತದೆ. ತರಗತಿಯಲ್ಲಿ ಒಂದು ಗಂಟೆ ನಿಲ್ಲಲು ಮೊಣಕಾಲುಗಳು ಒಪ್ಪುವುದಿಲ್ಲ. ನಾಲ್ಕು ಬಾರಿ ಪಥ್ಯ ಹಿಡಿದವರು. ಒಮ್ಮೆ 18 ಕಿಲೋ ಇಳಿಸಿ, ಎರಡೇ ವರ್ಷಗಳಲ್ಲಿ ಅಷ್ಟೂ ಮರಳಿ ಬಂದುದನ್ನು ಕಂಡವರು. ವೈದ್ಯರು ಶಸ್ತ್ರಚಿಕಿತ್ಸೆಯನ್ನು ಸೂಚಿಸಿದಾಗ ನಮ್ಮಲ್ಲಿಗೆ ಬಂದ ಅವರು ಅಪಾಯವನ್ನಾಗಲಿ ಖರ್ಚನ್ನಾಗಲಿ ಕುರಿತು ಕೇಳಲಿಲ್ಲ. "ಬುದ್ಧೀ, ಇದು ಸೋತವನ ಅಡ್ಡದಾರಿಯಲ್ಲವೆ?" ಎಂದರು.

ಸಂಯಮವು ಸದ್ಗುಣವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಸದ್ಗುಣದ ಅಳತೆಗೋಲು ನಮ್ಮ ಸಂಕಲ್ಪಕ್ಕೆ ಒಳಪಟ್ಟ ವಿಷಯಗಳಿಗಷ್ಟೆ ಸಲ್ಲುತ್ತದೆ. ಚಳಿಜ್ವರದಿಂದ ನಡುಗುವವನನ್ನು ಧೈರ್ಯಗೇಡಿಯೆಂದು ಯಾರೂ ಹಳಿಯುವುದಿಲ್ಲ. ಹಾಗಾದರೆ ಹಸಿವು ಎಷ್ಟರಮಟ್ಟಿಗೆ ಸಂಕಲ್ಪಾಧೀನವಾದುದು?

ಇದಕ್ಕೆ ಉತ್ತರ ಕೊಡಬಲ್ಲ ಪ್ರಯೋಗವೊಂದು 1944–45ರಲ್ಲಿ ಅಮೆರಿಕೆಯ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ನಡೆಯಿತು. ಏನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ತರುಣರನ್ನು ಆರು ತಿಂಗಳ ಕಾಲ ಅರೆಹೊಟ್ಟೆಯಲ್ಲಿರಿಸಿ ಪರೀಕ್ಷಿಸಿದರು. ಈ ತರುಣರು ಸಾಮಾನ್ಯರಲ್ಲ. ಕೊಲ್ಲುವುದನ್ನು ಮನಸ್ಸಾಕ್ಷಿ ಒಪ್ಪದೆಂದು ಯುದ್ಧಕ್ಕೆ ಹೋಗಲು ನಿರಾಕರಿಸಿದವರು. ಯುದ್ಧದಿಂದ ಹಸಿದ ನಾಡುಗಳ ಜನರಿಗೆ ಉಪಯೋಗವಾಗಲೆಂದು ತಾವಾಗಿಯೇ ಈ ಕಷ್ಟಕ್ಕೆ ಒಪ್ಪಿ ಬಂದವರು. ದೃಢಸಂಕಲ್ಪಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕೆ? ಅಂಥವರೂ ತೂಕ ಇಳಿದಂತೆ ಅನ್ನವನ್ನೇ ಧ್ಯಾನಿಸತೊಡಗಿದರು. ತಟ್ಟೆ ನೆಕ್ಕಿದರು; ಅಡುಗೆ ಪುಸ್ತಕಗಳನ್ನು ತರಿಸಿಕೊಂಡು ಓದುತ್ತ ಕುಳಿತರು. ಕಟ್ಟು ಸಡಿಲಿದ ಮೇಲೆ ಎಷ್ಟು ಉಂಡರೂ ತೃಪ್ತಿಯಾಗದ ಸ್ಥಿತಿ ಹಲವರನ್ನು ಬಹುಕಾಲ ಕಾಡಿತು. ಅವರು ಸ್ಥೂಲಕಾಯರಾಗಿರಲಿಲ್ಲ, ನಿಜ. ಆದರೆ ಕಳೆದುಕೊಂಡ ತೂಕವನ್ನು ಮರಳಿ ಕೇಳುವ ಶಕ್ತಿಯೊಂದು ಶರೀರದಲ್ಲಿದೆ, ಅದು ಶೀಲವಂತರನ್ನೂ ಬಿಡದು ಎಂಬುದು ಅಲ್ಲಿ ಕಂಡುಬಂತು.

ಆ ಶಕ್ತಿಯ ಒಂದು ಕೊಂಡಿಯನ್ನು 1999ರಲ್ಲಿ ಜಪಾನಿನ ವಿಜ್ಞಾನಿಗಳು ಪತ್ತೆಹಚ್ಚಿದರು. ಜಠರದಲ್ಲಿ ಹುಟ್ಟಿ ಮೆದುಳಿಗೆ ಹಸಿವಿನ ಸುದ್ದಿ ಮುಟ್ಟಿಸುವ ಈ ರಸಕ್ಕೆ ಗ್ರೆಲಿನ್ ಎಂದು ಹೆಸರು. 2011ರಲ್ಲಿ ಪ್ರಕಟವಾದ ಮೆಲ್ಬರ್ನಿನ ಅಧ್ಯಯನವೊಂದರಲ್ಲಿ 50 ಮಂದಿ ಹತ್ತು ವಾರ ಕಠಿಣ ಪಥ್ಯ ಮಾಡಿ ತೂಕ ಇಳಿಸಿದರು. ಒಂದು ವರ್ಷ ಕಳೆದ ಮೇಲೂ ಅವರ ರಕ್ತದಲ್ಲಿ ಗ್ರೆಲಿನ್ ಮೊದಲಿಗಿಂತ ಹೆಚ್ಚಾಗಿಯೇ ಇತ್ತು, ಹಸಿವೂ ಹೆಚ್ಚಿತ್ತು. ನಮ್ಮ ಉಪಾಧ್ಯಾಯರು ನಾಲ್ಕು ಬಾರಿ ಸೋತದ್ದು ಯಾವುದರೊಡನೆ ಹೋರಾಡಿ ಎಂಬುದು ಇದರಿಂದ ತಿಳಿಯುತ್ತದೆ.

ಹಾಗೆಂದು ಪಥ್ಯವನ್ನು ನಾವು ಹೀಗಳೆಯುತ್ತಿಲ್ಲ. ಅಮೆರಿಕೆಯಲ್ಲಿ ಐದು ಸಾವಿರಕ್ಕೂ ಮಿಕ್ಕ ಮಧುಮೇಹಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪಥ್ಯ ಮತ್ತು ವ್ಯಾಯಾಮಗಳಿಂದ ಮೊದಲ ವರ್ಷ ಸರಾಸರಿ ಶೇಕಡಾ 8.6ರಷ್ಟು ತೂಕ ಇಳಿಯಿತು. ಕೊನೆಗೆ ಉಳಿದುದು ಶೇಕಡಾ 6. ಹತ್ತು ಕಿಲೋ ಹೆಚ್ಚಿಗೆ ಇರುವವರಿಗೆ ಇಷ್ಟು ಸಾಕು. ಅವರು ಶಸ್ತ್ರದ ಯೋಚನೆಯನ್ನೇ ಮಾಡಬೇಕಾಗಿಲ್ಲ. 121 ಕಿಲೋ ತೂಗುವವರಿಗೆ ಅದು ಏಳು ಕಿಲೋ ಮಾತ್ರ. 1987ರಲ್ಲಿ ಆರಂಭವಾದ ಸ್ವೀಡನ್ನಿನ ಅಧ್ಯಯನದಲ್ಲಾದರೋ, ಗ್ಯಾಸ್ಟ್ರಿಕ್ ಬೈಪಾಸ್ ಮಾಡಿಸಿಕೊಂಡವರಲ್ಲಿ 15 ವರ್ಷಗಳ ಬಳಿಕವೂ ಶೇಕಡಾ 27ರಷ್ಟು ಇಳಿಕೆ ಉಳಿದಿತ್ತು. ಶಸ್ತ್ರಚಿಕಿತ್ಸೆಯಾದವರು ಆಗದವರಿಗಿಂತ ಸುಮಾರು ಮೂರು ವರ್ಷ ಹೆಚ್ಚು ಬಾಳುವರೆಂದು 2020ರಲ್ಲಿ ಅದೇ ಅಧ್ಯಯನ ಲೆಕ್ಕ ಹಾಕಿತು. ಅಲ್ಲಿ ರೋಗಿಗಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿರಲಿಲ್ಲ, ಎದುರು ಗುಂಪಿನವರಿಗೆ ದೊರೆತುದು ಸಾಮಾನ್ಯ ಚಿಕಿತ್ಸೆ ಮಾತ್ರ ಎಂಬುದನ್ನೂ ಹೇಳಬೇಕು. ಆದರೂ ಅಂತರ ಕಡೆಗಣಿಸುವಷ್ಟು ಸಣ್ಣದಲ್ಲ.

ಇನ್ನು ಶಸ್ತ್ರಚಿಕಿತ್ಸೆ ಸುಲಭದ ದಾರಿಯೆಂಬ ಮಾತು. ಇಂದು ಹೆಚ್ಚಾಗಿ ನಡೆಯುವ ಸ್ಲೀವ್ ಗ್ಯಾಸ್ಟ್ರೆಕ್ಟಮಿಯಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಕತ್ತರಿಸಿ ತೆಗೆಯುತ್ತಾರೆ. ತೆಗೆದುದನ್ನು ಮರಳಿ ಜೋಡಿಸಲಾಗದು. ಗ್ರೆಲಿನ್ ಹೆಚ್ಚಾಗಿ ಹುಟ್ಟುವ ಭಾಗ ಅದರೊಂದಿಗೆ ಹೋಗುವುದರಿಂದ ಹಸಿವಿನ ಗದ್ದಲ ತಗ್ಗುತ್ತದೆ. ಆದರೆ ಪಥ್ಯ ಅಲ್ಲಿಂದಲೇ ಶುರು. ಕೆಲವು ವಾರ ದ್ರವಾಹಾರ, ಆಮೇಲೆ ಹಿಡಿಯಷ್ಟು ಊಟ, ಚೆನ್ನಾಗಿ ಅಗಿದು ನುಂಗುವುದು, ಬೇಳೆಕಾಳು ಹಾಲುಗಳಿಗೆ ಮೊದಲ ಸ್ಥಾನ; ಬಿ12, ಕಬ್ಬಿಣ, ಸುಣ್ಣದ ಗುಳಿಗೆಗಳು ಮತ್ತು ರಕ್ತಪರೀಕ್ಷೆ ಬದುಕಿರುವವರೆಗೆ. ನಿಯಮ ತಪ್ಪಿದರೆ ತೂಕ ಮೆಲ್ಲಗೆ ಮರಳುತ್ತದೆ. ಬೈಪಾಸ್ ಆದವರಲ್ಲಿ ಮದ್ಯದ ಚಟ ಹೆಚ್ಚುವ ಅಪಾಯವೂ ಉಂಟು. 2009ರಲ್ಲಿ ಪ್ರಕಟವಾದ ಅಮೆರಿಕೆಯ ಅಧ್ಯಯನವೊಂದರಲ್ಲಿ ಸಾವಿರಕ್ಕೆ ಮೂವರು 30 ದಿನಗಳೊಳಗೆ ತೀರಿಕೊಂಡಿದ್ದರು. ಇದನ್ನು ಸೋಮಾರಿಯ ದಾರಿಯೆನ್ನುವವರು ಒಂದು ತಿಂಗಳು ಹೀಗೆ ಉಂಡು ನೋಡಲಿ! ಉಪಾಧ್ಯಾಯರಿಗೆ ನಾವು ಹೇಳಿದ್ದಿಷ್ಟು: ಪಥ್ಯವನ್ನು ನೀವು ಬಿಡುತ್ತಿಲ್ಲ, ಪಾಲಿಸಬಲ್ಲ ಸ್ಥಿತಿಗೆ ಶರೀರವನ್ನು ತರುತ್ತಿದ್ದೀರಿ; ನಿಮ್ಮ ವೈದ್ಯರು ಮುಂದಿನ ಹತ್ತು ವರ್ಷ ನಿಮ್ಮನ್ನು ನೋಡಿಕೊಳ್ಳುವರೆ ಎಂಬುದನ್ನು ಮೊದಲು ಕೇಳಿಕೊಳ್ಳಿ.

ಯಾರಿಗೆ ಇದು ಯುಕ್ತವೆಂಬುದಕ್ಕೆ ವೈದ್ಯರ ಅಳತೆಗಳುಂಟು. ದೇಹತೂಕ ಸೂಚ್ಯಂಕ 40 ಅಥವಾ ಜೊತೆಗೆ ರೋಗಗಳಿದ್ದರೆ 35 ಎಂಬುದು 1991ರ ನಿಯಮ. 2022ರಲ್ಲಿ ತಜ್ಞರು ಅದನ್ನು ಸಡಿಲಿಸಿ, ಏಷ್ಯದವರಿಗೆ 27.5ರಿಂದಲೇ ಪರಿಗಣಿಸಬಹುದೆಂದರು. ಇಷ್ಟು ಸಡಿಲು ನಮಗೇನೋ ಅಳುಕು ತರುತ್ತದೆ. ಏಕೆಂದರೆ ಮಗಳ ಮದುವೆ ಗೊತ್ತಾಗುತ್ತಿಲ್ಲವೆಂದು, ರೋಗವೊಂದೂ ಇಲ್ಲದ ಇಪ್ಪತ್ತೆರಡರ ಹುಡುಗಿಯನ್ನು ಶಸ್ತ್ರಚಿಕಿತ್ಸೆಗೆ ಒಯ್ಯಲು ಯೋಚಿಸುವ ತಾಯಿತಂದೆಯರನ್ನು ನಾವು ಬಲ್ಲೆವು. ಬೀಗರ ಕಣ್ಣಿಗಾಗಿ ಆರೋಗ್ಯವಂತೆಯ ಜಠರವನ್ನು ಕೊಯ್ಯಿಸುವುದು ಅಧರ್ಮ. 2025ರಿಂದ ನಮ್ಮ ದೇಶದಲ್ಲೂ ದೊರೆಯುತ್ತಿರುವ ಟಿರ್ಜೆಪಟೈಡ್ ಮುಂತಾದ ಚುಚ್ಚುಮದ್ದುಗಳನ್ನೂ ವೈದ್ಯರೊಡನೆ ಚರ್ಚಿಸಬಹುದು. ನಿಲ್ಲಿಸಿದರೆ ತೂಕ ಬಹುಮಟ್ಟಿಗೆ ಮರಳುತ್ತದೆಂಬುದು ನೆನಪಿರಲಿ.

ಕೊನೆಯದಾಗಿ ಬಡಿಸುವವರಿಗೊಂದು ಮಾತು. ಒತ್ತಾಯಮಾಡಿ ಬಡಿಸುವುದು ನಮ್ಮ ಕಡೆಯ ಆದರ. ಎಲೆಯಲ್ಲಿ ಪ್ರಸಾದ ಬಿಡಬಾರದೆಂಬುದು ನಮ್ಮ ಶಿಸ್ತು. ಈ ಎರಡರ ನಡುವೆ ಶಸ್ತ್ರಚಿಕಿತ್ಸೆಯಾದವರು ಸಿಲುಕಿ ಒದ್ದಾಡುವುದನ್ನು ದಾಸೋಹದ ಪಂಕ್ತಿಯಲ್ಲಿ ಕಂಡಿದ್ದೇವೆ. ಅವರು ಎರಡು ತುತ್ತು ಸಾಕೆಂದರೆ ಎರಡೇ ತುತ್ತು ಬಡಿಸಿರಿ, ಕಾರಣ ಕೇಳಬೇಡಿರಿ. ಊಟದ ನಡುವೆ ನೀರು ಕುಡಿಯಿರೆಂದು ಒತ್ತಾಯಿಸದಿರಿ. ಅವರಿಗೆ ಆ ಎರಡು ತುತ್ತಿಗೂ ಅರ್ಧ ಗಂಟೆ ಬೇಕಾದೀತು. ಪಂಕ್ತಿ ಎದ್ದ ಮೇಲೂ ಅವರು ಕುಳಿತಿದ್ದರೆ ಕಸಬರಿಗೆ ಹಿಡಿದು ಎದುರು ನಿಲ್ಲದೆ, ಆ ಸಾಲನ್ನು ಕಡೆಗೆ ಗುಡಿಸಿರಿ.