ಸಾಮಾಯಿಕವೂ ಮಾರ್ಗದರ್ಶನವೂ
ಆಲೆಟ್ಟಿಯ ಆಸುಪಾಸಿನ ಸುಳ್ಯ ಸೀಮೆಯಲ್ಲಿ ಹಳದಿ ಎಲೆ ರೋಗವು ಅಡಿಕೆ ತೋಟಗಳನ್ನು ಸೊರಗಿಸಿದೆ. ಅದಕ್ಕೆ ನಿಶ್ಚಿತವಾದ ಔಷಧವಿಲ್ಲ. ಜೀವನಾಧಾರವೇ ಕಣ್ಣೆದುರು ಬಾಡುತ್ತಿರಲು ‘ಸ್ವಾಮೀ, ದಾರಿ ತೋರು’ ಎಂದು ಗೃಹಸ್ಥನು ಮೊರೆಯಿಡುವುದು ಸಹಜ. ಆದರೆ ಜಿನೇಶ್ವರನು ವೀತರಾಗನು. ಸ್ತುತಿಗೆ ಒಲಿದು ಕೊಡುವವನಲ್ಲ, ಮುನಿದು ಕಸಿಯುವವನೂ ಅಲ್ಲ. ಹಾಗಾದರೆ ಮಾರ್ಗದರ್ಶನವೆಲ್ಲಿ?

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿರುವ ನಾಲ್ಕು ಶಿಕ್ಷಾವ್ರತಗಳಲ್ಲಿ ಸಾಮಾಯಿಕವೂ ಒಂದು. ಪರಂಪರೆಯಂತೆ ಎರಡು ಗಳಿಗೆ, ಎಂದರೆ 48 ನಿಮಿಷ, ಪಾಪಕಾರ್ಯಗಳನ್ನು ತೊರೆದು ಲಾಭನಷ್ಟಗಳಲ್ಲಿ ಸಮಭಾವದಿಂದಿರುವುದೇ ಅದರ ಸ್ವರೂಪ. ಸಮಭಾವವು ಉದಾಸೀನವಲ್ಲ. ವ್ರತ ಮುಗಿಸಿ ಎದ್ದವನು ತೋಟದ ಆರೈಕೆಗೆ ಹೋಗಲೇಬೇಕು. ಆದರೆ ನಷ್ಟದ ಕೋಪವನ್ನು ಕೂಲಿಯಾಳಿನ ಮೇಲೆ ತೀರಿಸಿಕೊಳ್ಳದೆ, ಸಾಲದ ಭಯದಿಂದ ಸುಳ್ಳಾಡದೆ ಆ ದಿನವನ್ನು ಕಳೆಯುವ ಬಲವು ಅವನಿಗೆ ಅಲ್ಲಿಂದಲೇ ಒದಗುತ್ತದೆ. ಮರ ಉಳಿಯುವುದೋ ಅಳಿಯುವುದೋ, ಶ್ರಾವಕನು ಜಿನಮಾರ್ಗದಲ್ಲಿ ಅರಸಬೇಕಾದ ನೆರವು ಇದೇ.